ಒಂದೇ ಸಮ ಓಡದ ಸಣ್ಣ ಇಂಜಿನ್: ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಕೊನೆಗೆ ಮುಟ್ಟಬೇಕು

ಬೆಂಗಳೂರಿನ ಹನುಮಂತನಗರದ ನಮ್ಮ ಮನೆ ಗೇಟಿನ ಪಕ್ಕ ಭಾನುವಾರ ಬೆಳಗ್ಗೆ ಯಾರದ್ದಾದರೂ ಒಂದು ಇಂಜಿನ್ ಕೂತೇ ಇರುತ್ತದೆ. ಅಂಗಡಿಯ ಜನರೇಟರ್, ಕಬ್ಬಿನ ಹಾಲಿನ ಗಾಡಿಯ ಇಂಜಿನ್, ಸೆಲ್ಲಾರ್‌ಗೆ ನುಗ್ಗಿದ ಮಳೆನೀರು ಎತ್ತುವ ಪಂಪ್. ತರುವವರು ಹೇಳುವುದೂ ಒಂದೇ ಮಾತು: "ಸ್ಟಾರ್ಟ್ ಆಗುತ್ತೆ ಸಾರ್, ಆದ್ರೆ ಒಂದೇ ಸಮ ಓಡಲ್ಲ. ವೂಂ ಅಂತ ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ." ಮೆಕ್ಯಾನಿಕ್‌ಗಳು ಇದಕ್ಕೆ ಹಂಟಿಂಗ್ ಅನ್ನುತ್ತಾರೆ.

ಇಲ್ಲಿಗೆ ಬರುವ ಹೊತ್ತಿಗೆ ಪ್ಲಗ್ ಹೊಸದಾಗಿರುತ್ತದೆ. ಇಂಜಿನ್ ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಸ್ಕ್ರೂ ತಿರುಗಿಸಿ ತಿರುಗಿಸಿ ಅದರ ತಲೆ ಸವೆದಿರುತ್ತದೆ. ಕೆಲವರು ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬೊರೇಟರನ್ನೇ ಬದಲಾಯಿಸಿರುತ್ತಾರೆ. ಆದರೂ ಇಂಜಿನ್ ವೂಂ ವೂಂ ಅನ್ನುವುದು ಬಿಟ್ಟಿರುವುದಿಲ್ಲ. ಮಾಡಿದ ಕೆಲಸವೇನೋ ಇರಲಿ, ಸರದಿ ತಪ್ಪಿರುತ್ತದೆ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಸರದಿಯಲ್ಲಿ ಮಾಡಿ. ಒಂದನ್ನು ಮುಗಿಸಿ, ಇಂಜಿನ್ ಓಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ. ಒಟ್ಟಿಗೆ ಮೂರು ಕಡೆ ಕೈ ಹಾಕಿದರೆ ಯಾವುದರಿಂದ ಸರಿಹೋಯಿತು ಅನ್ನುವುದೂ ಗೊತ್ತಾಗಲ್ಲ, ಯಾವುದರಿಂದ ಕೆಟ್ಟಿತು ಅನ್ನುವುದೂ ಗೊತ್ತಾಗಲ್ಲ.

ಇಲ್ಲಿ ಹೇಳಿರುವುದು ಕಾರ್ಬೊರೇಟರ್ ಮತ್ತು ಗವರ್ನರ್ ಇರುವ, ನಾಲ್ಕು ಸ್ಟ್ರೋಕಿನ ಸಣ್ಣ ಪೆಟ್ರೋಲ್ ಇಂಜಿನ್‌ಗೆ. ಇನ್ವರ್ಟರ್ ಮಾದರಿಯ ಜನರೇಟರ್ ಆದರೆ ಮೊದಲು ಇಕೋ ಸ್ವಿಚ್ ಆಫ್ ಮಾಡಿ ನೋಡಿ. ಲೋಡ್ ಬದಲಾದಂತೆ ವೇಗ ಬದಲಾಗುವುದು ಅದರ ಸ್ವಭಾವ, ಕಾಯಿಲೆ ಅಲ್ಲ.

## ಬೇಕಾಗುವ ಸಾಮಾನು

8 ಮತ್ತು 10ರ ಪಾನಾ, ಪ್ಲಗ್ ಪಾನಾ (ಹೆಚ್ಚಿನವಕ್ಕೆ 21), ತುದಿ ಸವೆಯದ ಚಪ್ಪಟೆ ಸ್ಕ್ರೂಡ್ರೈವರ್, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು), ಒಂದು ಡಬ್ಬ ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ, ಗಾಜಿನ ಬಾಟಲಿ, ಸ್ಟೀಲ್ ತಟ್ಟೆ, ಕಣ್ಣಿಗೆ ಕನ್ನಡಕ. ಜನರೇಟರ್ ಆದರೆ ಹರ್ಟ್ಸ್ ತೋರಿಸುವ ಮಲ್ಟಿಮೀಟರ್. ಇವೆಲ್ಲ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ ಕಡೆ ಒಂದು ಸುತ್ತು ಹಾಕಿದರೆ ಸಿಗುತ್ತವೆ.

ಇನ್ನೊಂದು ಬೇಕು: ಗಿಟಾರಿನ ಅತಿ ತೆಳು ತಂತಿಯ ಒಂದು ತುಂಡು. ಅದಿಲ್ಲದಿದ್ದರೆ ಫ್ಲೆಕ್ಸಿಬಲ್ ವೈರಿನ ಒಂದೇ ಒಂದು ತಾಮ್ರದ ಎಳೆ. ಸೇಫ್ಟಿ ಪಿನ್ ಮಾತ್ರ ಬೇಡ. ಯಾಕೆ ಅಂತ 5ನೇ ಹಂತದಲ್ಲಿ ಹೇಳುತ್ತೇನೆ.

## ಹಗ್ಗ ಎಳೆಯುವ ಮೊದಲು

ಇಂಜಿನ್ ಹೊರಗಡೆ ಇರಲಿ. ಯುಟಿಲಿಟಿ, ಬಾಲ್ಕನಿ, ಶಟರ್ ಅರ್ಧ ಎಳೆದ ಅಂಗಡಿ, ಬೇಸ್‌ಮೆಂಟ್, ಯಾವುದೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ತಲೆ ಭಾರ ಅನ್ನಿಸುವಷ್ಟರಲ್ಲಿ ತಡವಾಗಿರುತ್ತದೆ.

ಜನರೇಟರ್‌ಗೆ ಹಾಕಿರುವ ಎಲ್ಲವನ್ನೂ ಕಿತ್ತುಬಿಡಿ. ಏರಿಳಿಯುವ ಇಂಜಿನ್‌ನಿಂದ ಬರುವ ಕರೆಂಟೂ ಏರಿಳಿಯುತ್ತದೆ. ಫ್ರಿಜ್ಜು, ಬಿಲ್ಲಿಂಗ್ ಮೆಷಿನ್ ಅದಕ್ಕೆ ಮೊದಲ ಬಲಿ.

ಸಮತಟ್ಟು ಜಾಗದಲ್ಲಿಟ್ಟು ಆಯಿಲ್ ನೋಡಿ. ತುಂಬಾ ಇಂಜಿನ್‌ಗಳಲ್ಲಿ ಆಯಿಲ್ ಕಡಿಮೆಯಾದರೆ ಕಿಡಿ ಕತ್ತರಿಸುವ ಸ್ವಿಚ್ ಇರುತ್ತದೆ. ಆಯಿಲ್ ಅಂಚಿನಲ್ಲಿದ್ದರೆ, ಅಥವಾ ಇಂಜಿನ್ ಇಳಿಜಾರಿನಲ್ಲಿದ್ದರೆ, ಈ ಸ್ವಿಚ್ ಬಿಟ್ಟು ಬಿಟ್ಟು ಕಿಡಿ ತಿನ್ನುತ್ತದೆ. ಒಮ್ಮೆ ಎರಡು ಗಂಟೆ ಕಾರ್ಬೊರೇಟರ್ ತೊಳೆದ ಮೇಲೆ ನನಗೆ ಗೊತ್ತಾಗಿದ್ದು, ಗೇಟಿನ ಮುಂದಿನ ಇಳಿಜಾರೇ ಕಳ್ಳ ಅಂತ.

ಆಯಿಲ್ ಮಟ್ಟ ಇರಬೇಕಾದ್ದಕ್ಕಿಂತ ಜಾಸ್ತಿ ಇದ್ದು, ಪೆಟ್ರೋಲ್ ವಾಸನೆ ಹೊಡೆದರೆ ಓಡಿಸಲೇಬೇಡಿ. ಕಾರ್ಬೊರೇಟರ್‌ನ ಸೂಜಿ (ಪೆಟ್ರೋಲ್ ಒಳಬರುವುದನ್ನು ತಡೆಯುವ ಭಾಗ) ಸೋರಿ ಪೆಟ್ರೋಲ್ ಕೆಳಗಿಳಿದಿದೆ ಅಂತ ಅರ್ಥ. ಸೂಜಿ ಸರಿಮಾಡಿ, ಆಯಿಲ್ ಪೂರ್ತಿ ಬದಲಿಸಿ, ಆಮೇಲೆ ಹಗ್ಗ ಎಳೆಯಿರಿ.

## ಹಂತ 1: ಕಿವಿಗೊಟ್ಟು ಕೇಳಿ

ಎರಡು ನಿಮಿಷ ಏನೂ ಮುಟ್ಟದೆ ಸುಮ್ನೆ ಕೇಳಿ. ತಾಳ ಹಿಡಿದ ಹಾಗೆ ಲಯವಾಗಿ ಏರಿಳಿದರೆ ಅದು ಹಂಟಿಂಗ್. ಹೆಚ್ಚಿನ ಸಲ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಗಾಳಿ ಜಾಸ್ತಿಯಾಗಿದೆ. ಲಯವಿಲ್ಲದೆ ಅಲ್ಲೊಂದು ಇಲ್ಲೊಂದು 'ಫಟ್' ಅಂದರೆ ಮಿಸ್ಸಿಂಗ್, ಕಿಡಿಯ ಕಡೆ ಅನುಮಾನ ಪಡಿ. ಕಪ್ಪು ಹೊಗೆ, ಮಂಕು ಸದ್ದು ಇದ್ದರೆ ಪೆಟ್ರೋಲ್ ಜಾಸ್ತಿ. ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸೊರಗಿದರೆ ಟ್ಯಾಂಕಿನ ಮುಚ್ಚಳ ಅಥವಾ ಕಿಡಿಗೆ ಕರೆಂಟ್ ಕೊಡುವ ಕಾಯಿಲ್.

ಒಂದು ಮಾತು ನೆನಪಿಡಿ: ಲೋಡ್ ಇಲ್ಲದಾಗ ಹಂಟಿಂಗ್, ಲೋಡ್ ಹಾಕಿದ ತಕ್ಷಣ ಸುಮ್ಮನಾಗುತ್ತದೆ ಅಂದರೆ, ಹತ್ತಕ್ಕೆ ಒಂಬತ್ತು ಸಲ 5ನೇ ಹಂತದಲ್ಲಿ ನಿಮ್ಮ ಕೆಲಸ ಮುಗಿಯುತ್ತದೆ. ಆದರೂ ನಡುವಿನದನ್ನು ಹಾರಬೇಡಿ.

## ಹಂತ 2: ಪೆಟ್ರೋಲನ್ನು ಬಾಟಲಿಗೆ ಬಿಟ್ಟು ನೋಡಿ

ಇಂಜಿನ್ ತಣ್ಣಗಾದ ಮೇಲೆ ಕಾರ್ಬೊರೇಟರ್ ಬಟ್ಟಲಿನ ಕೆಳಗಿರುವ ಡ್ರೈನ್ ಸ್ಕ್ರೂ ಸಡಿಲಿಸಿ, ಕಾಕ್ (ಟ್ಯಾಂಕಿನಿಂದ ಬರುವ ಪೆಟ್ರೋಲಿನ ನಲ್ಲಿ) ತೆರೆದು, ಅರ್ಧ ಬಾಟಲಿ ಹಿಡಿಯಿರಿ. ಕಾಲು ಗಂಟೆ ಅಲುಗಾಡಿಸದೆ ಬಿಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ವಾರ್ನಿಷ್ ತರ ಹುಳಿ ವಾಸನೆ ಬಂದರೆ ಪೆಟ್ರೋಲ್ ಹಳಸಿದೆ.

ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥೆನಾಲ್ ಇದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ಇಟ್ಟರೆ ಕೇಳಬೇಕೇ? ನೀರು ಒಂದು ಮಟ್ಟ ದಾಟಿದರೆ ಎಥೆನಾಲ್ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಇಂಜಿನ್ ಮೊದಲು ಕುಡಿಯುವುದು ಆ ತಳದ್ದನ್ನೇ. ಇನ್ನೊಂದು ವಿಷಯ: ಎಥೆನಾಲ್‌ನಲ್ಲಿ ಆಮ್ಲಜನಕ ಇದೆ. ಅಂದರೆ, ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಅದೇ ಜೆಟ್‌ನಿಂದ ಅಷ್ಟೇ ಪೆಟ್ರೋಲ್ ಬಂದರೂ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ). ಕಾರಿನಲ್ಲಿ ಕಂಪ್ಯೂಟರ್ ಅದನ್ನು ಸರಿದೂಗಿಸುತ್ತದೆ, ಪಾಪ ಈ ಇಂಜಿನ್‌ಗೆ ಆ ಭಾಗ್ಯ ಇಲ್ಲ. ಹಳೆ ಇಂಜಿನ್ ಜೆಟ್‌ನಲ್ಲಿ ಒಂಚೂರು ಕೊಳೆ ಇದ್ದರೂ ಮೊದಲು ಹೇಗೋ ಓಡುತ್ತಿತ್ತು, ಈಗ ಅಷ್ಟಕ್ಕೇ ಹಂಟಿಂಗ್ ಶುರು.

ಹಳೆಯದನ್ನು ಪೂರ್ತಿ ಖಾಲಿ ಮಾಡಿ ಅರ್ಧ ಲೀಟರ್ ಹೊಸ ಪೆಟ್ರೋಲ್ ಹಾಕಿ ಓಡಿಸಿ. ಹಳೆಯದರ ಮೇಲೆ ಹೊಸದು ಸುರಿಯುವುದು ಎಲ್ಲರೂ ಮಾಡುವ ತಪ್ಪು. ತೆಗೆದ ಪೆಟ್ರೋಲನ್ನು ಚರಂಡಿಗೂ ಹಾಕಬೇಡಿ.

## ಹಂತ 3: ಮುಚ್ಚಳ, ಪೈಪು, ಏರ್ ಫಿಲ್ಟರ್

ಟ್ಯಾಂಕಿನ ಮುಚ್ಚಳದಲ್ಲಿ ಉಸಿರಾಡಲು ಒಂದು ಸಣ್ಣ ತೂತು ಇರುತ್ತದೆ. ಅದು ಮುಚ್ಚಿದ್ದರೆ ಪೆಟ್ರೋಲ್ ಇಳಿಯುವುದು ನಿಧಾನವಾಗುತ್ತದೆ. ಇಂಜಿನ್ ಸೊರಗಿದಾಗ ಮುಚ್ಚಳ ಸಡಿಲಿಸಿ. ಚೇತರಿಸಿಕೊಂಡರೆ ಕಳ್ಳ ಸಿಕ್ಕಿದ.

ಡ್ರೈನ್ ಸ್ಕ್ರೂ ಮತ್ತೆ ತೆರೆದು ಹರಿವು ನೋಡಿ. ಅರ್ಧ ನಿಮಿಷ ಎಡೆಬಿಡದೆ ಧಾರೆ ಬರಬೇಕು. ಧಾರೆ ಹೋಗಿ ಹನಿಯಾದರೆ ಕಾಕ್‌ನ ಜಾಲರಿ ಮತ್ತು ಅದರ ಕೆಳಗಿನ ಚಿಕ್ಕ ಬಟ್ಟಲು ತೊಳೆಯಿರಿ.

ಫೋಮ್ ಫಿಲ್ಟರನ್ನು ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ನಾಲ್ಕು ಹನಿ ಇಂಜಿನ್ ಆಯಿಲ್ ಹಾಕಿ, ಚೆನ್ನಾಗಿ ಹಿಂಡಿ ಹಾಕಿ. ಕಾಗದದ್ದಾದರೆ ತೊಳೆಯಬೇಡಿ, ಬದಲಿಸಿ. ಫಿಲ್ಟರ್ ತೆಗೆದಿಟ್ಟು ಪರೀಕ್ಷೆ ಮಾಡುವವರೇ ಜಾಸ್ತಿ. ಹಾಗೆ ಮಾಡಿದರೆ ಗಾಳಿ ಹೆಚ್ಚಾಗಿ ಮುಂದಿನ ಹಂತದ ಉತ್ತರವೇ ಸುಳ್ಳಾಗುತ್ತದೆ.

## ಹಂತ 4: ಚೋಕ್ ಪರೀಕ್ಷೆ

ಇಡೀ ಕೆಲಸದಲ್ಲಿ ಒಂದೇ ಹಂತ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಖರ್ಚು ಸೊನ್ನೆ.

ಇಂಜಿನ್ ಐದು ನಿಮಿಷ ಓಡಿ ಬಿಸಿಯಾಗಲಿ. ಹಂಟಿಂಗ್ ಆಗುತ್ತಿರುವಾಗ ಚೋಕ್ (ಒಳಹೋಗುವ ಗಾಳಿ ಕಡಿಮೆ ಮಾಡುವ ತಟ್ಟೆ) ಲಿವರ್ ನಿಧಾನವಾಗಿ ಅರ್ಧಕ್ಕೆ ತನ್ನಿ. ಎರಡು ಸೆಕೆಂಡ್ ಕಾಯಿರಿ.

ಇಂಜಿನ್ ಒಂದೇ ಸಮ ಆಯಿತೇ? ಹಾಗಾದರೆ ಮಿಶ್ರಣ ತೆಳುವಾಗಿದೆ. ಜೆಟ್ ಕಟ್ಟಿದೆ ಅಥವಾ ಎಲ್ಲೋ ಗಾಳಿ ನುಗ್ಗುತ್ತಿದೆ. 5 ಮತ್ತು 6ನೇ ಹಂತ ನಿಮ್ಮವು.

ಇನ್ನೂ ಹದಗೆಟ್ಟು ಕಪ್ಪು ಹೊಗೆ ಬಂತೇ? ಪೆಟ್ರೋಲ್ ಆಗಲೇ ಜಾಸ್ತಿ ಇದೆ. ಚೋಕ್ ಪೂರ್ತಿ ತೆರೆಯುತ್ತಿದೆಯೇ, ಪೆಟ್ರೋಲ್ ಬಟ್ಟಲಿನಲ್ಲಿ ತೇಲುವ ಫ್ಲೋಟ್‌ನೊಳಗೆ ಪೆಟ್ರೋಲ್ ಸೇರಿದೆಯೇ (ಕಿವಿ ಹತ್ತಿರ ಅಲ್ಲಾಡಿಸಿ), ಸೂಜಿಯ ತುದಿಯಲ್ಲಿ ಉಂಗುರದಂಥ ಸವೆತ ಇದೆಯೇ ನೋಡಿ.

ಏನೂ ವ್ಯತ್ಯಾಸ ಆಗಲಿಲ್ಲವೇ? 7ಕ್ಕೆ ಹೋಗಿ. ಕಾರ್ಬೊರೇಟರ್ ಬಿಚ್ಚುವ ಅಗತ್ಯವೇ ಇಲ್ಲದಿರಬಹುದು.

ಚೋಕ್‌ನಲ್ಲಿ ಚೆನ್ನಾಗಿ ಓಡುತ್ತದೆ ಅಂತ ಹಾಗೇ ಬಿಟ್ಟು ವ್ಯಾಪಾರ ಮಾಡುವವರೂ ಇದ್ದಾರೆ. ಪ್ಲಗ್ ಮಸಿ ಹಿಡಿಯುತ್ತದೆ, ಉರಿಯದ ಪೆಟ್ರೋಲ್ ಸಿಲಿಂಡರಿನ ಆಯಿಲ್ ಪದರ ತೊಳೆದು ರಿಂಗ್ ಸವೆಸುತ್ತದೆ.

## ಹಂತ 5: ಕಾರ್ಬೊರೇಟರ್, ಅದರಲ್ಲೂ ಸಣ್ಣ ಜೆಟ್

ಮೊದಲು ಯಾಕೆ ಅನ್ನುವುದು ತಿಳಿದಿರಲಿ. ಲೋಡ್ ಇಲ್ಲದಾಗ ಥ್ರಾಟಲ್ (ಇಂಜಿನ್ನಿಗೆ ಹೋಗುವ ಮಿಶ್ರಣವನ್ನು ಹೆಚ್ಚುಕಡಿಮೆ ಮಾಡುವ ತಟ್ಟೆ) ಬಹುತೇಕ ಮುಚ್ಚಿರುತ್ತದೆ. ಆಗ ಪೆಟ್ರೋಲ್ ಬರುವುದು ಬಹುಪಾಲು ಸಣ್ಣ ಜೆಟ್‌ನಿಂದ, ನಮ್ಮವರು ಸ್ಲೋ ಜೆಟ್ ಅಥವಾ ಪೈಲಟ್ ಜೆಟ್ ಅನ್ನುತ್ತಾರಲ್ಲ, ಅದು. ಅದು ಕಟ್ಟಿದರೆ ವೇಗ ಇಳಿಯುತ್ತದೆ. ಗವರ್ನರ್ ಗಾಬರಿಯಾಗಿ ಥ್ರಾಟಲ್ ತೆರೆಯುತ್ತದೆ. ತೆರೆದ ಕೂಡಲೇ ಮೇನ್ ಜೆಟ್‌ನಿಂದ ಪೆಟ್ರೋಲ್ ನುಗ್ಗಿ ವೇಗ ಜಿಗಿಯುತ್ತದೆ. ಗವರ್ನರ್ ಮತ್ತೆ ಮುಚ್ಚುತ್ತದೆ. ಮತ್ತೆ ಬರಗಾಲ. ಹೊರಗೆ ಕೇಳುವ ವೂಂ ವೂಂ ಇದೇ. ಗವರ್ನರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿರುತ್ತದೆ, ಬೈಗುಳ ಮಾತ್ರ ಅದಕ್ಕೆ.

ಬಿಚ್ಚುವ ಮೊದಲು ಎರಡೂ ಕಡೆಯಿಂದ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಯಾವ ಕೊಂಡಿ ಯಾವ ತೂತಿನಲ್ಲಿತ್ತು, ಸ್ಪ್ರಿಂಗ್ ಎಲ್ಲಿತ್ತು, ಪ್ಯಾಕಿಂಗ್‌ಗಳ ಸರದಿ ಏನು, ಎಲ್ಲ ಕಾಣಬೇಕು. ಕಾಕ್ ಮುಚ್ಚಿ, ಬಟ್ಟಲು ಖಾಲಿ ಮಾಡಿ, ಕಾರ್ಬೊರೇಟರ್ ಹೊರಗೆ ತನ್ನಿ.

ತಟ್ಟೆಯ ಮೇಲೆ ಹಿಡಿದು ಬಟ್ಟಲಿನ 10ರ ಬೋಲ್ಟ್ ಬಿಚ್ಚಿ. ಫ್ಲೋಟ್‌ನ ಪಿನ್ ಎಳೆದು ಫ್ಲೋಟ್ ಮತ್ತು ಸೂಜಿ ತೆಗೆಯಿರಿ. ನಡುವಿನ ಕಂಬದೊಳಗೆ ಮೇನ್ ಜೆಟ್ ಇದೆ. ಅದರ ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರೇ ಬೇಕು, ಹಿತ್ತಾಳೆ ಮೆದು. ಅದು ಬಂದ ಮೇಲೆ ತಲೆಕೆಳಗು ಮಾಡಿ ತಟ್ಟಿದರೆ ಸುತ್ತಲೂ ತೂತಿರುವ ಒಂದು ಸಣ್ಣ ಕೊಳವೆ ಬೀಳುತ್ತದೆ. ಎಷ್ಟೋ ಜನ ಇದನ್ನು ನೋಡಿಯೇ ಇರುವುದಿಲ್ಲ. ಅದರ ಪ್ರತಿ ತೂತನ್ನೂ ಚುಚ್ಚಿ ತೊಳೆಯಿರಿ.

ಸಣ್ಣ ಜೆಟ್ ಇರುವುದು ಮೇಲ್ಗಡೆ. ತುಂಬಾ ಇಂಜಿನ್‌ಗಳಲ್ಲಿ ಅದು ಕಪ್ಪು ಪ್ಲಾಸ್ಟಿಕ್ ತಲೆಯ ತುಂಡು, ಐಡಲ್ ಸ್ಕ್ರೂವಿನ (ಕನಿಷ್ಠ ವೇಗ ಸೆಟ್ ಮಾಡುವ ಸ್ಕ್ರೂ) ಕೆಳಗೆ ಅಡಗಿ ಕೂತಿರುತ್ತದೆ. ಐಡಲ್ ಸ್ಕ್ರೂ ಎಷ್ಟು ಸುತ್ತು ಅಂತ ಎಣಿಸಿ ತೆಗೆಯಿರಿ. ಆಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಜೆಟ್ಟನ್ನು ಮೆಲ್ಲಗೆ ಮೇಲೆತ್ತಿ. ಪುಟ್ಟ ರಬ್ಬರ್ ಉಂಗುರದ ಜೊತೆ 'ಟಪ್' ಅಂತ ಬರುತ್ತದೆ.

ಈಗ ಅದನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣಲ್ಲಿ ನೋಡಿ. ಸೂಜಿಮೊನೆಯಷ್ಟು ಬೆಳಕು ದುಂಡಗೆ ಕಾಣಬೇಕು. ಕಾಣದಿದ್ದರೆ, ಅಥವಾ ಅರ್ಧಚಂದ್ರ ಕಂಡರೆ, ಇದೇ ನಿಮ್ಮ ಕಾಯಿಲೆ. ಈ ತೂತಿನ ಅಗಲ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಅದಕ್ಕೇ ಸೇಫ್ಟಿ ಪಿನ್ ಬೇಡ ಅಂದಿದ್ದು. ಪಿನ್ ತೂತನ್ನು ಹಿಗ್ಗಿಸುತ್ತದೆ, ಆಮೇಲೆ ಇಂಜಿನ್ ಜೀವನಪೂರ್ತಿ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. ತೆಳು ತಂತಿ ಮೆಲ್ಲಗೆ ಹಾಯಿಸಿ, ತಿರುಚಬೇಡಿ. ಕನ್ನಡಕ ಹಾಕಿಕೊಂಡು ಸ್ಪ್ರೇ ಹೊಡೆಯಿರಿ. ಒಂದು ಕಡೆ ಹೊಡೆದದ್ದು ಇನ್ನೊಂದು ತೂತಿನಿಂದ ನೇರ ಕಣ್ಣಿಗೇ ಬರುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ.

ಜೆಟ್ ಕೂರುವ ಗುಂಡಿಗೂ, ಕಾರ್ಬೊರೇಟರ್ ಬಾಯಲ್ಲಿ ಥ್ರಾಟಲ್ ತಟ್ಟೆಯ ಪಕ್ಕದ ಸಣ್ಣ ತೂತುಗಳಿಗೂ ಹೊಡೆಯಿರಿ. ರಬ್ಬರ್, ಪ್ಲಾಸ್ಟಿಕ್ ಭಾಗಗಳನ್ನು ಕ್ಲೀನರ್‌ನಲ್ಲಿ ನೆನೆಹಾಕಬೇಡಿ, ಊದಿಕೊಳ್ಳುತ್ತವೆ.

## ಹಂತ 6: ಗಾಳಿ ಎಲ್ಲಿ ನುಗ್ಗುತ್ತಿದೆ?

ಜೆಟ್ ಸ್ವಚ್ಛವಿದ್ದೂ ಚೋಕ್‌ನಲ್ಲಿ ಮಾತ್ರ ಚೆನ್ನಾಗಿ ಓಡಿದರೆ, ಕಾರ್ಬೊರೇಟರ್ ಮತ್ತು ಇಂಜಿನ್ ನಡುವಿನ ಜಾಗ ನೋಡಿ. ಅಲ್ಲಿ ಪ್ಯಾಕಿಂಗ್, ದಪ್ಪ ಇನ್ಸುಲೇಟರ್, ಮತ್ತೊಂದು ಪ್ಯಾಕಿಂಗ್ ಇರುತ್ತದೆ. ಎರಡು ಪ್ಯಾಕಿಂಗ್‌ಗಳು ಒಂದೇ ತರ ಇರಬೇಕಾಗಿಲ್ಲ. ಅದಲು ಬದಲಾದರೆ ಗಾಳಿ ನುಗ್ಗುತ್ತದೆ, ಕೆಲವು ಮಾದರಿಯಲ್ಲಿ ಗಾಳಿಯ ದಾರಿಯೇ ಮುಚ್ಚುತ್ತದೆ.

ಓಡುತ್ತಿರುವಾಗ ಕಾರ್ಬೊರೇಟರ್ ಕ್ಲೀನರ್ ಹೊಡೆದು ಲೀಕ್ ಹುಡುಕುವ ಅಭ್ಯಾಸ ತುಂಬಾ ಜನಕ್ಕಿದೆ. ಒಂದು ಗೇಣು ದೂರದಲ್ಲೇ ಕಾದ ಸೈಲೆನ್ಸರ್ ಇರುತ್ತದೆ, ಅದು ಬೆಂಕಿಗೆ ಆಹ್ವಾನ. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ತಗೊಂಡು ಕೂಡುಜಾಗಕ್ಕೆ ಮಾತ್ರ ಸ್ವಲ್ಪ ತುಂತುರು ಹೊಡೆಯಿರಿ. ಸದ್ದು ಬದಲಾದರೆ ಲೀಕ್ ಅಲ್ಲೇ. ಪ್ಲಗ್ ಕ್ಯಾಪ್ ಮೇಲೆ ಮಾತ್ರ ನೀರು ಬೀಳದಿರಲಿ.

ಹಳೇ ಪ್ಯಾಕಿಂಗ್‌ಗೆ ಸಿಲಿಕಾನ್ ಅಂಟು ಮೆತ್ತುವುದು ಬೇಡ. ಪೆಟ್ರೋಲ್ ತಾಗಿ ಅದು ಕಳಚಿ ಒಳಗೆ ಹೋಗುತ್ತದೆ. ಹುಲ್ಲು ಕತ್ತರಿಸುವ ಎರಡು ಸ್ಟ್ರೋಕ್ ಇಂಜಿನ್ ಆದರೆ ಕ್ರ್ಯಾಂಕ್ ಸೀಲ್ ಹೋದರೂ ಇದೇ ಲಕ್ಷಣ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

## ಹಂತ 7: ಕಿಡಿ ಮತ್ತು ಟ್ಯಾಪೆಟ್

ಪ್ಲಗ್ ಬಿಚ್ಚಿ ಬಣ್ಣ ನೋಡಿ. ಕಾಫಿಪುಡಿ ಬಣ್ಣ ಒಳ್ಳೆಯದು. ಬಿಳಿ ಆದರೆ ಮಿಶ್ರಣ ತೆಳು, ಒಣ ಮಸಿ ಆದರೆ ಪೆಟ್ರೋಲ್ ಜಾಸ್ತಿ, ಜಿಡ್ಡು ಆದರೆ ಆಯಿಲ್ ಮೇಲೇರುತ್ತಿದೆ. ಗ್ಯಾಪ್ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್. ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಪಾನಾ. ಅಲ್ಯೂಮಿನಿಯಂ ಹೆಡ್ಡಿನ ಮರೆ (ಥ್ರೆಡ್) ಹೋದರೆ ಖರ್ಚು ದೊಡ್ಡದು.

ಮಿಸ್ಸಿಂಗ್ ಬಿಸಿಯಾದ ಮೇಲೆ ಮಾತ್ರ ಬಂದರೆ ಕಾಯಿಲ್ ಅನುಮಾನ. ಆಯಿಲ್ ಸ್ವಿಚ್ಚಿನ ವೈರ್ ಎಲ್ಲಾದರೂ ಉಜ್ಜಿ ಸಿಪ್ಪೆ ಹೋಗಿದೆಯೇ ಅಂತಲೂ ನೋಡಿ.

ಟ್ಯಾಪೆಟ್ (ವಾಲ್ವ್ ತುದಿಯ ಸಣ್ಣ ಸಂದು) ಅಳೆಯುವುದು ಇಂಜಿನ್ ಪೂರ್ತಿ ತಣ್ಣಗಿದ್ದಾಗ, ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಮೇಲಿದ್ದಾಗ. ಹಳೆಯ ಹೋಂಡಾ ಜಿಎಕ್ಸ್160ರಲ್ಲಿ ಇನ್‌ಟೇಕ್ 0.15, ಎಕ್ಸಾಸ್ಟ್ 0.20 ಮಿಲಿಮೀಟರ್. ನಿಮ್ಮ ಇಂಜಿನ್ನಿನದು ಅದರ ಕೈಪಿಡಿಯಲ್ಲಿ ಇರುತ್ತದೆ, ಅದನ್ನೇ ನಂಬಿ.

## ಹಂತ 8: ಕೊನೆಗೆ ಗವರ್ನರ್

ಇಲ್ಲಿ ಸ್ಕ್ರೂ ಮುಟ್ಟುವ ಮೊದಲು ಕಣ್ಣಿಗೆ ಕೆಲಸ ಕೊಡಿ. ಗವರ್ನರ್ ತೋಳಿನಿಂದ ಥ್ರಾಟಲ್‌ಗೆ ಒಂದು ಸಣ್ಣ ಕಂಬಿ ಹೋಗುತ್ತದೆ. ಎಷ್ಟೋ ಇಂಜಿನ್‌ಗಳಲ್ಲಿ ಆ ಕಂಬಿಯ ಪಕ್ಕದಲ್ಲೇ ಕೂದಲೆಳೆಯಂಥ ಉದ್ದದ ಸ್ಪ್ರಿಂಗ್ ಇರುತ್ತದೆ. ಕಂಬಿ ತೂತಿನಲ್ಲಿ ಲಟಲಟ ಆಡದಂತೆ ಹಿಡಿದಿಡುವುದು ಅದರ ಕೆಲಸ. ನೋಡಲು ಏನೂ ಅಲ್ಲ. ಅದಿಲ್ಲದಿದ್ದರೆ ಎಂಥ ಸ್ವಚ್ಛ ಕಾರ್ಬೊರೇಟರ್ ಇದ್ದರೂ ಇಂಜಿನ್ ನಡುಗುತ್ತದೆ.

ಕಬ್ಬಿನ ಹಾಲಿನ ಗಾಡಿಯವರೊಬ್ಬರು ಎರಡು ಸಲ ಕಾರ್ಬೊರೇಟರ್ ಬದಲಿಸಿ ನನ್ನ ಬಳಿ ಬಂದಿದ್ದರು. ಬಿಚ್ಚಿದವರು ಆ ಸ್ಪ್ರಿಂಗನ್ನು ಹಾಕಲು ಮರೆತಿದ್ದರು, ಅಷ್ಟೇ. ಗಾಡಿಯ ಟೂಲ್ ಡಬ್ಬದ ತಳದಲ್ಲಿ, ಒಣಗಿದ ನಿಂಬೆ ಸಿಪ್ಪೆಯ ಜೊತೆ, ಅದು ಬಿದ್ದಿತ್ತು. ಹಾಕಲು ಒಂದು ನಿಮಿಷ ಹಿಡಿಯಿತು.

ಎಲ್ಲ ಸರಿ ಇದ್ದು, ಹಿಂದೆ ಯಾರೋ ತೋಳಿನ ನಟ್ ಸಡಿಲಿಸಿದ್ದಾರೆ ಅನ್ನಿಸಿದರೆ ಮಾತ್ರ ಹೀಗೆ ಮಾಡಿ. ಇಂಜಿನ್ ನಿಲ್ಲಿಸಿ. ನಟ್ ಸಡಿಲಿಸಿ. ತೋಳನ್ನು ಥ್ರಾಟಲ್ ಪೂರ್ತಿ ತೆರೆಯುವ ಕಡೆಗೆ ತಳ್ಳಿ ಹಿಡಿಯಿರಿ. ಅದೇ ದಿಕ್ಕಿಗೆ ಒಳಗಿನ ಶಾಫ್ಟನ್ನೂ ತಡೆಯುವವರೆಗೆ ತಿರುಗಿಸಿ. ಹಾಗೇ ಹಿಡಿದು ನಟ್ ಬಿಗಿ ಮಾಡಿ. ಉಲ್ಟಾ ಮಾಡಿದರೆ ಸ್ಟಾರ್ಟ್ ಆದ ಕೂಡಲೇ ಇಂಜಿನ್ ಕಿರುಚಿಕೊಂಡು ಏರುತ್ತದೆ. ಅದಕ್ಕೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಒಂದು ಕೈ ಆಫ್ ಸ್ವಿಚ್ ಮೇಲೇ ಇರಲಿ.

ಜನರೇಟರ್‌ನ ವೇಗವನ್ನು ಕಿವಿಯಿಂದ ಸೆಟ್ ಮಾಡಬೇಡಿ. ಮಾಮೂಲಿ ಸಣ್ಣ ಜನರೇಟರ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ 50 ಹರ್ಟ್ಸ್. ಮಲ್ಟಿಮೀಟರ್‌ನ ಹರ್ಟ್ಸನ್ನು 60ರಿಂದ ಗುಣಿಸಿದರೆ ಸುತ್ತು ಗೊತ್ತಾಗುತ್ತದೆ. ಲೋಡ್ ಇಲ್ಲದೆ 51ರಿಂದ 53ರ ಒಳಗೆ ನಿಂತರೆ ಸರಿ. ಚುಚ್ಚುವ ಮೊದಲು ಮೀಟರಿನ ವೈರ್ ಆಂಪಿಯರ್ ತೂತಿನಲ್ಲಿ ಇಲ್ಲ ಅಂತ ಖಚಿತ ಮಾಡಿಕೊಳ್ಳಿ.

## ಹಂತ 9: ಲೋಡ್ ಹಾಕಿ ನೋಡುವುದು

ಇಸ್ತ್ರಿಪೆಟ್ಟಿಗೆಯಂಥ ಸರಳ ಲೋಡ್ ಹಾಕಿ, ತಟ್ಟನೆ ಕೀಳಿ. ಇಂಜಿನ್ ಒಂದು ಸಲ ಏರಿ ಎರಡು ಮೂರು ಸೆಕೆಂಡಿನಲ್ಲಿ ಸುಮ್ಮನಾಗಬೇಕು. ಏರಿಳಿತ ಮುಂದುವರಿದರೆ 5ನೇ ಹಂತಕ್ಕೆ ವಾಪಸ್. ಜೆಟ್ ಒಂದೇ ಸಲಕ್ಕೆ ಪೂರ್ತಿ ಸ್ವಚ್ಛ ಆಗುವುದು ಅಪರೂಪ, ಬೇಜಾರು ಬೇಡ.

ಪೂರ್ತಿ ಲೋಡ್ ಹಾಕಿದಾಗ ಮಾತ್ರ ಸೊರಗಿದರೆ ರಿಪೇರಿ ಹುಡುಕುವ ಮೊದಲು ಲೆಕ್ಕ ಹಾಕಿ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರಿಗೆ ಶಕ್ತಿ ಶೇ 3.5ರಷ್ಟು ಇಳಿಯುತ್ತದೆ. ಅಂದರೆ ಇಲ್ಲಿ ಶೇ 10ರಷ್ಟು ಕಡಿಮೆಯೇ. ಡಬ್ಬದ ಮೇಲೆ ಬರೆದಷ್ಟು ಲೋಡ್ ಹಾಕಿ ಇಂಜಿನ್ನನ್ನು ಬೈಯಬಾರದು, ಅಲ್ವಾ?

## ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ಬಲ್ಬು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಉರಿದರೆ. ಒಳಗಿನಿಂದ ಕಬ್ಬಿಣ ಬಡಿದ ಸದ್ದು ಬಂದರೆ. ನೀಲಿ ಹೊಗೆ ಬಿಡದೆ ಬರುತ್ತಿದ್ದರೆ. ಕಾರ್ಬೊರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕಿದರೆ. ಇವುಗಳಲ್ಲಿ ಯಾವುದಕ್ಕೂ 'ಇನ್ನೊಂದು ಸಲ ನೋಡೋಣ' ಬೇಡ.

## ಎತ್ತಿಡುವಾಗ

ನನ್ನ ಬಳಿ ಬರುವ ಇಂಜಿನ್‌ಗಳಲ್ಲಿ ಹೆಚ್ಚಿನವು ಒಂದೇ ದಾರಿ ಹಿಡಿದು ಬರುತ್ತವೆ. ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಓಡಿ, ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದ ಹಾಗೇ ಮೂಲೆ ಸೇರುತ್ತವೆ. ಮತ್ತೆ ಹೊರಬರುವುದು ಗಣೇಶನ ಪೆಂಡಾಲಿಗೆ. ಒಂಬತ್ತು ತಿಂಗಳಲ್ಲಿ ಬಟ್ಟಲಿನ ಪೆಟ್ರೋಲ್ ಆರಿ, ಸಣ್ಣ ಜೆಟ್‌ನಲ್ಲಿ ಗೋಂದು ಆಗಿರುತ್ತದೆ.

ಒಂದು ತಿಂಗಳಿಗಿಂತ ಜಾಸ್ತಿ ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿ. ಕಾಕ್ ಮುಚ್ಚಿ, ಇಂಜಿನ್ ತಾನಾಗಿಯೇ ನಿಲ್ಲುವವರೆಗೆ ಓಡಿಸಿ. ಆಮೇಲೆ ಡ್ರೈನ್ ಸ್ಕ್ರೂ ತೆಗೆದು ಬಟ್ಟಲಿನ ತಳದಲ್ಲಿ ಉಳಿದ ನಾಲ್ಕು ಹನಿಯನ್ನೂ ಬಿಡಿ. ತಾನಾಗಿ ನಿಂತಿತಲ್ಲ ಅಂತ ಅದನ್ನು ಬಿಟ್ಟುಬಿಡುವವರು ಜಾಸ್ತಿ. ಸಣ್ಣ ಜೆಟ್ ಕಟ್ಟಲು ಆ ನಾಲ್ಕು ಹನಿ ಸಾಕು.